ಏಳನೇ ಮೆಟ್ಟಿಲಸಾಲಿನ ಓಕ್ ಬಾಗಿಲು

ಸೇಂಟ್ ರಮ್‌ವೋಲ್ಡ್ ಕಾಲೇಜು, ಆಕ್ಸ್‌ಫರ್ಡ್
11 ಅಕ್ಟೋಬರ್ 1937

ಹೆಸ್ಟರ್ ಮರಿ,

ಈ ಕಾಗದ ನಿನ್ನ ದ್ವೀಪ ಮುಟ್ಟುವಾಗ ಯಾವ ಮೀನುಗಾರನ ಹೆಂಡತಿಗೆ ಹೆರಿಗೆ ಮಾಡಿಸುತ್ತಿರುತ್ತೀಯೋ ಏನೋ. ಕೈ ತೊಳೆದುಕೊಂಡು ಓದು, ಸುದ್ದಿ ದೊಡ್ಡದು. ನವೆಂಬರ್ ಮೂರಕ್ಕೆ ನಮ್ಮ ಸಂತನ ಹಬ್ಬ, ಕಾಲೇಜಿಗೆ ಐನೂರು ವರ್ಷ. ಅವತ್ತು ಊಟದ ಸಭಾಂಗಣಕ್ಕೆ ಮೆರವಣಿಗೆ ಹೊರಡುವಾಗ ಪ್ರಿನ್ಸಿಪಾಲರಿಗಿಂತಲೂ ಮುಂದೆ, ಬೆಳ್ಳಿ ಕಟ್ಟಿದ ಕೊಂಬು ಹಿಡಿದು ನಡೆಯುವವನು ಯಾರು ಹೇಳು? ನಿನ್ನ ಚಿಕ್ಕಪ್ಪ ಎಫ್ರಾಯಿಮ್ ಟಕ್‌ವೆಲ್! ಹಳ್ಳಿ ಶಾಲೆಯಲ್ಲಿ ನಾಲ್ಕು ವರ್ಷ ಬೆತ್ತದ ಏಟು ತಿಂದವನು, ಇವತ್ತು ನಲವತ್ತು ಪಂಡಿತರಿಗೆ ದಾರಿ ತೋರಿಸುತ್ತಾನೆ. ಕೋಟಿನ ಗುಂಡಿ ಹೊಟ್ಟೆಗೆ ಹಿಡಿಸುತ್ತಿಲ್ಲ ಎಂದು ನಿನ್ನ ಚಿಕ್ಕಮ್ಮ ಈಗಾಗಲೇ ಗೊಣಗುತ್ತಿದ್ದಾಳೆ. ನೀನು ಬಂದು ನೋಡಲೇಬೇಕು.

ನಿನಗೆ ಈ ಕಾಲೇಜಿನ ಸಂಗತಿ ಗೊತ್ತಿಲ್ಲ. ನಮ್ಮ ಸಂತ ಹುಟ್ಟಿ ಬದುಕಿದ್ದೇ ಮೂರು ದಿನ. ಆ ಮೂರು ದಿನವೂ ತೊಟ್ಟಿಲಲ್ಲಿ ಮಲಗಿಕೊಂಡೇ ಉಪದೇಶ ಮಾಡಿ ಕಣ್ಣು ಮುಚ್ಚಿತಂತೆ ಆ ಶಿಶು. ಅದಕ್ಕೇ ಇಲ್ಲಿ ಮೂರು ದಿನದ ಬಾಗಿಲು ಎಂಬ ಕಟ್ಟಳೆ. ಪ್ರತಿ ಕೋಣೆಗೂ ಎರಡು ಬಾಗಿಲು, ಹೊರಗಿನದು ನಾಲ್ಕು ಬೆರಳು ದಪ್ಪದ ಓಕ್. ಅದು ಯಾವಾಗಲೂ ತೆರೆದಿರುತ್ತದೆ. ಪಂಡಿತರು ಅದನ್ನು ಎಳೆದುಕೊಂಡರೆಂದರೆ ಮುಗಿಯಿತು: ಎಳೆದುಕೊಂಡ ದಿನ ಬಿಟ್ಟು ಮೂರನೇ ದಿನ ಸಂಜೆಯ ಗಂಟೆಯವರೆಗೆ ಯಾರೂ ತಟ್ಟುವಂತಿಲ್ಲ, ಕರೆಯುವಂತಿಲ್ಲ. ಮೆಟ್ಟಿಲಸಾಲಿನ ಆಳು, ಅಂದರೆ ಆ ಮೆಟ್ಟಿಲಿನ ಕೋಣೆಗಳನ್ನೆಲ್ಲ ನೋಡಿಕೊಳ್ಳುವ ನನ್ನಂಥವನು, ತನ್ನ ಬೀಗದ ಕೈಯನ್ನು ಹೆಬ್ಬಾಗಿಲಲ್ಲಿ ಒಪ್ಪಿಸಬೇಕು. ಹಿಂದೊಮ್ಮೆ ಯಾವನೋ ಎರಡನೇ ದಿನ ತಟ್ಟಿದನಂತೆ. ಆ ಚಳಿಗಾಲ ಜ್ವರಕ್ಕೆ ಹನ್ನೊಂದು ಜನ ಹೋದರು. ನಗಬೇಡ. ಪ್ರಾರ್ಥನಾ ಮಂದಿರದ ಗೋಡೆಯಲ್ಲಿ ಹನ್ನೊಂದು ಹೆಸರೂ ಇವೆ.

ನನ್ನ ಏಳನೇ ಮೆಟ್ಟಿಲಸಾಲಿನ ತುತ್ತತುದಿಯಲ್ಲಿರುವವರು ಡಾಕ್ಟರ್ ಕ್ವಿಲ್ಟರ್. ಔಷಧಿ ಡಾಕ್ಟರಲ್ಲ, ಗ್ರೀಕಿನ ಡಾಕ್ಟರು. ಎಪ್ಪತ್ತಾಯಿತು, ಈಚೆಗೆ ತಮಾಷೆಯಾಗಿದ್ದಾರೆ. ಚಹಾ ಗಲ್ಲದ ಮೇಲೆ ಇಳಿದರೂ ಗೊತ್ತಾಗುವುದಿಲ್ಲ. ಮೊನ್ನೆ ಚಮಚವನ್ನು ಮಸಿಕುಡಿಕೆಗೆ ಹಾಕಿ ತಿರುಗಿಸಿದರು. ನನ್ನನ್ನು "ಜೋನಾಸ್" ಎಂದು ಕರೆದರು. ನಿನ್ನ ಅಪ್ಪ ಇಲ್ಲಿಯ ಕೆಲಸ ಬಿಟ್ಟು ಇಪ್ಪತ್ತೈದು ವರ್ಷವಾದರೂ ಹೆಸರು ನಿಂತಿದೆ ನೋಡು! ಪಾಪ ಅಣ್ಣ, ಸಮುದ್ರ ಕರೆಯಿತು ಎಂದು ತಾನಾಗಿಯೇ ಹೊರಟುಹೋದ.

ಹಬ್ಬಕ್ಕೆ ಬಾ.
ನಿನ್ನ ಚಿಕ್ಕಪ್ಪ


ಬ್ರೈಯರ್ ದ್ವೀಪ, ಸಿಲಿ
16 ಅಕ್ಟೋಬರ್ 1937

ಚಿಕ್ಕಪ್ಪನವರಿಗೆ,

ಕೊಂಬಿನ ಸುದ್ದಿ ಓದಿ ಖುಷಿಯಾಯಿತು. ಗುಂಡಿ ಹೊಲಿಯುವುದನ್ನು ಬಿಟ್ಟು ಊಟ ಕಡಿಮೆ ಮಾಡಿಸಲು ಚಿಕ್ಕಮ್ಮನಿಗೆ ಹೇಳಿ. ಬರಲು ಆಗುವುದಿಲ್ಲ. ಈ ಐದು ದ್ವೀಪಕ್ಕೂ ದಾದಿ ನಾನೊಬ್ಬಳೇ, ಎರಡು ಹೆರಿಗೆ ಹತ್ತಿರದಲ್ಲಿವೆ.

ನಿಮ್ಮ ಕ್ವಿಲ್ಟರ್ ತಮಾಷೆಯಲ್ಲ, ಚಿಕ್ಕಪ್ಪ. ಚಹಾ ಗಲ್ಲದ ಯಾವ ಕಡೆ ಇಳಿಯುತ್ತದೆ? ಪ್ರತಿ ಸಲ ಅದೇ ಕಡೆಯೇ? ನಕ್ಕರೆ ಬಾಯಿಯ ಎರಡೂ ಮೂಲೆ ಏಳುತ್ತವೆಯೇ? ಎರಡೂ ಕೈ ಮೇಲೆತ್ತಿಸಿ ನೋಡಿ. ಒಂದು ಕೆಳಗೇ ಉಳಿದರೆ ಅವತ್ತೇ ವೈದ್ಯರನ್ನು ಕರೆಸಿ. ಇದು ಲಕ್ವ ಹೊಡೆಯುವ ಮುಂಚಿನ ಸೂಚನೆ. ಇಂಥವರು ಒಬ್ಬರೇ ಇರಬಾರದು. ಅದರಲ್ಲೂ ಬಾಗಿಲು ಹಾಕಿಕೊಳ್ಳಲೇಬಾರದು.

ಇನ್ನೊಂದು ಮಾತು. ಮಾರ್ಚಿನಲ್ಲಿ ಅಪ್ಪ ತೀರಿಕೊಂಡ ಮೇಲೆ ಅವರ ಪೆಟ್ಟಿಗೆ ತೆರೆದಿರಲಿಲ್ಲ, ಈಗ ತೆರೆದೆ. ಒಂದು ಮರದ ಚಕ್ಕೆ, ದಾರ ಸುತ್ತಿ ಇಟ್ಟಿದ್ದಾರೆ. ಚೀಟಿಯಲ್ಲಿ "ಏಳನೇ ಮೆಟ್ಟಿಲಸಾಲು, ಫೆಬ್ರವರಿ 1912" ಎಂದಿದೆ. ಸಮುದ್ರ ಕರೆದವರು ಮರದ ಚಕ್ಕೆ ಯಾಕೆ ಇಟ್ಟುಕೊಂಡರು? ಅಪ್ಪನಿಗೆ ದೋಣಿ ಹತ್ತಿದರೆ ವಾಂತಿಯಾಗುತ್ತಿತ್ತು. ಅವರು ಇಲ್ಲಿ ಹೂವಿನ ತೋಟದಲ್ಲಿ ದುಡಿದರೇ ಹೊರತು ಒಂದು ದಿನ ಮೀನು ಹಿಡಿಯಲಿಲ್ಲ.

ಹೆಸ್ಟರ್


ಆಕ್ಸ್‌ಫರ್ಡ್
22 ಅಕ್ಟೋಬರ್

ಹೆಸ್ಟರ್ ಮರಿ,

ದಾದಿಯರ ಕಣ್ಣಿಗೆ ಮನುಷ್ಯರೆಲ್ಲ ರೋಗಿಗಳು. ಆದರೂ ನೀನು ಹೇಳಿದೆಯೆಂದು ಪರೀಕ್ಷೆ ಮಾಡಿದೆ. ನಗಿಸಿ ನೋಡು ಎಂದೆಯಲ್ಲ. ಅವರು ಕೊನೆಯ ಸಲ ನಕ್ಕದ್ದು ಹಳೇ ಮಹಾರಾಣಿ ಇದ್ದಾಗಲೇ ಇರಬೇಕು. ಕೈ ಎತ್ತಿಸಿದೆ.

"ಸರ್, ಎರಡೂ ಕೈ ಸ್ವಲ್ಪ ಮೇಲೆತ್ತೀರಾ?"

"ಯಾಕಯ್ಯಾ, ದರೋಡೆ ಮಾಡ್ತೀಯಾ?"

"ಇಲ್ಲ ಸರ್, ಅಣ್ಣನ ಮಗಳು ದಾದಿ. ಅವಳು ಕೇಳಿದ್ಳು."

"ಅವಳಿಗೆ ಹೇಳು, ಶರಣಾಗತಿ ನನ್ನ ಜಾಯಮಾನದಲ್ಲೇ ಇಲ್ಲ ಅಂತ."

ಒಂದು ಕೈ ಎತ್ತಿದರು. ಇನ್ನೊಂದರಲ್ಲಿ ಪುಸ್ತಕವಿತ್ತು, ಅದಕ್ಕೇ ಎತ್ತಲಿಲ್ಲ. ಅಷ್ಟು ಚುರುಕಾಗಿ ಬೈಯುವವರಿಗೆ ಏನಾಗಿದೆ? ವೈದ್ಯರ ಮಾತೆತ್ತಿದರೆ ಪೊರಕೆ ತೆಗೆದುಕೊಳ್ಳುತ್ತಾರೆ.

ಮರದ ಚಕ್ಕೆಯ ವಿಚಾರ ನನಗೆ ನೆನಪಿಲ್ಲ. ಇಲ್ಲಿ ಐನೂರು ವರ್ಷದ ಮರ. ಎಲ್ಲಿ ಕೈ ಇಟ್ಟರೂ ಚಕ್ಕೆ ಚುಚ್ಚುತ್ತದೆ.

ಕೊಂಬಿನ ಬೆಳ್ಳಿಯನ್ನು ನಾನೇ ಉಜ್ಜಿದೆ. ಮುಖ ಕಾಣುತ್ತದೆ, ನನ್ನದಕ್ಕಿಂತ ಚೆಂದವಾಗಿ.

ಚಿಕ್ಕಪ್ಪ


ಆಕ್ಸ್‌ಫರ್ಡ್
ಶುಕ್ರವಾರ, 29 ಅಕ್ಟೋಬರ್, ಮಧ್ಯಾಹ್ನ

ಹೆಸ್ಟರ್,

ಸುಮ್ಮನೆ ಬರೆಯುತ್ತಿದ್ದೇನೆ, ಗಾಬರಿಯೇನಿಲ್ಲ. ಬೆಳಿಗ್ಗೆ ಏಳಕ್ಕೆ ಬಿಸಿನೀರು ಹೊತ್ತು ಮೇಲೆ ಹೋದೆ. ಕ್ವಿಲ್ಟರ್ ಸಾಹೇಬರ ಓಕ್ ಬಾಗಿಲು ಮುಚ್ಚಿತ್ತು.

ಇಪ್ಪತ್ತೈದು ವರ್ಷದಲ್ಲಿ ಅವರು ಆ ಬಾಗಿಲು ಎಳೆದುಕೊಂಡದ್ದಿಲ್ಲ. ಹಬ್ಬದ ಭಾಷಣ ಬರೆಯುವುದಿತ್ತು, ಅದಕ್ಕಿರಬೇಕು. ನೀರಿನ ಚೊಂಬು ಹಿಡಿದುಕೊಂಡೇ ಕೆಳಗಿಳಿದು ಬೀಗದ ಕೈ ಒಪ್ಪಿಸಿದೆ. ಹೆಬ್ಬಾಗಿಲ ಕಾವಲಿನ ಗಾಡ್‌ಬೋಲ್ಡನಿಗೆ ಯಾವಾಗಲೂ ನನ್ನ ಮೇಲೆ ಕಣ್ಣು, ಕೊಂಬು ಅವನಿಗೆ ಸಿಗಲಿಲ್ಲವಲ್ಲ.

"ಏನೋ ಟಕ್‌ವೆಲ್, ಮುಖ ಸುಣ್ಣ ಬಳಿದಂಗೆ ಆಗದೆ?"

"ಕ್ವಿಲ್ಟರ್ ಸಾಹೇಬ್ರು ಓಕ್ ಹಾಕ್ಕೊಂಡವ್ರೆ ಕಣಯ್ಯಾ."

"ಹಾಕ್ಕೊಳ್ಳಲಿ ಬಿಡು. ಸೋಮವಾರ ಸಂಜೆ ಗಂಟೆ ಹೊಡೆಯೋವರ್ಗೂ ನಿಂಗೆ ರಜ. ಕೊಂಬು ಹಿಡ್ಕೊಂಡು ನಡೆಯೋದು ಕಲ್ತ್ಕೋ, ಎಡವಿ ಬಿದ್ದೀಯ."

ಕೀಲಿಯನ್ನು ಕಬ್ಬಿಣದ ಪೆಟ್ಟಿಗೆಗೆ ಹಾಕಿ ಮುಚ್ಚಿದ. ಆ ಸದ್ದು ನನಗೆ ಸರಿಬರಲಿಲ್ಲ.

ಹತ್ತು ಗಂಟೆಗೆ ಕೆಳಗಿನ ಕೋಣೆಗಳ ಬೂದಿ ತೆಗೆಯುವ ನೆವದಲ್ಲಿ ಮೇಲೆ ಹೋಗಿ ನಿಂತೆ. ಒಳಗೆ ಇಲಿ ಸೇರಿಕೊಂಡಿವೆ. ಈ ಕಾಲೇಜಿನ ಇಲಿಗಳೂ ಪಂಡಿತರೇ ನೋಡು, ಎಣಿಸಿ ಕೆರೆಯುತ್ತವೆ: ಮೂರು ಸಲ, ಆಮೇಲೆ ಸುಮ್ಮನೆ; ಮತ್ತೆ ಮೂರು ಸಲ. ಬಾಗಿಲಿನ ಬುಡದಲ್ಲೇ. ಬೋನು ಇಡಬೇಕು.

ಇವತ್ತಿನ ರೈಲಿಗೆ ಹಾಕುತ್ತೇನೆ, ನಾಳೆಯ ಹಡಗಿಗೆ ನಿನಗೆ ಸಿಗಬಹುದು.

ಚಿಕ್ಕಪ್ಪ


ಆಕ್ಸ್‌ಫರ್ಡ್
ಶನಿವಾರ, 30 ಅಕ್ಟೋಬರ್

ಹೆಸ್ಟರ್,

ಬೆಳಿಗ್ಗೆ ಆರಕ್ಕೇ ಹೋದೆ. ಇಲಿ ಎರಡೇ ಸಲ ಕೆರೆದು ನಿಲ್ಲಿಸಿತು. ಹನ್ನೊಂದಕ್ಕೆ ಹೋದೆ. ಒಂದು ಸಲ. ಮೂರಕ್ಕೆ ಹೋದಾಗ ಅರ್ಧ ಗಂಟೆ ಮೆಟ್ಟಿಲ ಮೇಲೆ ಕೂತೆ. ಏನೂ ಇಲ್ಲ. ಹೆಸ್ಟರ್, ಆ ಏನೂ ಇಲ್ಲದ್ದನ್ನು ಕೇಳುತ್ತ ಕೂರಲು ನನ್ನಿಂದಾಗಲಿಲ್ಲ.

ಪ್ರಿನ್ಸಿಪಾಲರ ಹತ್ತಿರ ಹೋದೆ. ಹಬ್ಬದ ಅತಿಥಿಗಳ ಪಟ್ಟಿ ನೋಡುತ್ತಿದ್ದರು.

"ಸ್ವಾಮಿ, ಕ್ವಿಲ್ಟರ್ ಸಾಹೇಬ್ರಿಗೆ ಮೈ ಸರಿ ಇದ್ದಂಗಿಲ್ಲ. ಒಂದ್ಸಲ ತಟ್ಟಿ ನೋಡ್ಲಾ?"

ಅವರು ಕನ್ನಡಕ ತೆಗೆದರು. "ಟಕ್‌ವೆಲ್, ಆ ಬಾಗಿಲನ್ನ ಒಂದ್ಸಲ ಮುರಿದವನ ಗತಿ ಏನಾಯ್ತು ಅಂತ ಬೇರೆ ಯಾರಿಗೆ ಗೊತ್ತಿಲ್ದೇ ಇದ್ರೂ ನಿನಗೆ ಗೊತ್ತಿರಬೇಕಲ್ಲಯ್ಯಾ?"

ಗೊತ್ತು. ಈಗ ನಿನಗೂ ಗೊತ್ತಾಗಲಿ. ನಾಳೆ ಬರೆಯಲು ನನಗೆ ಧೈರ್ಯ ಇರುವುದಿಲ್ಲ.

ಸಮುದ್ರ ಕರೆಯಲಿಲ್ಲ. ಏಳನೇ ಮೆಟ್ಟಿಲಸಾಲು ನಿನ್ನ ಅಪ್ಪನದು. ನಾನು ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದೆ. 1912ರ ಫೆಬ್ರವರಿ. ಇದೇ ಕ್ವಿಲ್ಟರ್, ಇದೇ ಬಾಗಿಲು, ಎರಡನೇ ದಿನ. ಏನೋ ಸುಟ್ಟ ವಾಸನೆ ಬಂತು. ಅಣ್ಣ ನನ್ನನ್ನು ಕರೆದು ತೋರಿಸಿದ. "ಏನ್ಮಾಡೋಣೋ ಎಫ್ರಿ?" ಎಂದ. ನಾನು "ಒಡಿ ಅಣ್ಣ, ನಾನಿದ್ದೀನಿ" ಎಂದೆ. ಕಬ್ಬಿಣದ ಸಲಾಕೆ ತಂದು ಕೊಟ್ಟವನೂ ನಾನೇ. ಒಡೆದರೆ, ಕ್ವಿಲ್ಟರ್ ಕಿವಿಗೆ ಹತ್ತಿ ಇಟ್ಟುಕೊಂಡು ಬರೆಯುತ್ತಿದ್ದರು, ಒಲೆಯ ಮೇಲೆ ಕಾಲುಚೀಲ ಸುಡುತ್ತಿತ್ತು. ಅವರು ಕೂಗಾಡಿದ್ದು ಹೊಲದ ಆಚೆಗೂ ಕೇಳಿಸಿತು.

ಸಭೆಯಲ್ಲಿ ಅಣ್ಣನನ್ನು ಕೇಳಿದರು: "ನಿನಗೆ ಯಾರಾದರೂ ಹೇಳಿಕೊಟ್ಟರೇನು?" ಅಣ್ಣ ನನ್ನ ಕಡೆ ನೋಡಿದ. ನಾನು ನನ್ನ ಬೂಟು ನೋಡಿದೆ. "ಯಾರೂ ಇಲ್ಲ ಸ್ವಾಮಿ" ಎಂದ. ವಾರದೊಳಗೆ ಮನೆ ಖಾಲಿ ಮಾಡಿಸಿದರು. ನಿನಗಾಗ ಐದು ವರ್ಷ, ಗಾಡಿಯಲ್ಲಿ ಗೊಂಬೆ ಹಿಡಿದು ಕೂತಿದ್ದೆ. ಏಳನೇ ಮೆಟ್ಟಿಲಸಾಲು ಮಾರನೇ ತಿಂಗಳು ನನಗೆ ಬಂತು.

ಇನ್ನೂ ಒಂದಿದೆ. ಮೊನ್ನೆ ನಾನು ಕೈ ಎತ್ತಿಸಿದಾಗ ಕ್ವಿಲ್ಟರ್ ಅವರ ಇನ್ನೊಂದು ಕೈಯಲ್ಲಿ ಪುಸ್ತಕ ಇರಲಿಲ್ಲ.

ನಾವಿರುವ ಮನೆಯೂ ಕಾಲೇಜಿನದು. ನಿನ್ನ ಚಿಕ್ಕಮ್ಮನ ಗೂರಲು ನಿನಗೆ ಗೊತ್ತು. ಈ ಚಳಿಯಲ್ಲಿ ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ಸೋಮವಾರ ಸಂಜೆಗೆ ಇನ್ನು ಎಷ್ಟು ಗಂಟೆ ಎಂದು ಲೆಕ್ಕ ಹಾಕುತ್ತ ಕೂತಿದ್ದೇನೆ. ಒಳಗಿನವರೂ ಹಾಕುತ್ತಿರಬಹುದು.

ಎಫ್ರಾಯಿಮ್


ತಂತಿ
ಸೇಂಟ್ ಮೇರೀಸ್, ಸಿಲಿ. ಭಾನುವಾರ, 31 ಅಕ್ಟೋಬರ್, ಬೆಳಿಗ್ಗೆ 9.10

ಇಲಿ ಮೂರು ಸಲ ತಟ್ಟಿ ನಿಲ್ಲಿಸುವುದಿಲ್ಲ. ಬಾಗಿಲು ಒಡೆಯಿರಿ. ಹೆಸ್ಟರ್


ಆಕ್ಸ್‌ಫರ್ಡ್
4 ನವೆಂಬರ್ 1937

ಹೆಸ್ಟರ್,

ನಿನ್ನ ತಂತಿ ಬಂದಾಗ ಪ್ರಾರ್ಥನೆ ಮುಗಿದು ಎಲ್ಲರೂ ಅಂಗಳದಲ್ಲಿದ್ದರು. ಗಾಡ್‌ಬೋಲ್ಡ್ ಅದನ್ನು ನನ್ನ ಕೈಗೆ ಕೊಡುವ ಮುಂಚೆ ಓದಿಕೊಂಡಿದ್ದ.

"ಇದೇನೋ ಇಲಿ ಬಾಗಿಲು? ತಲೆ ಕೆಟ್ಟಿದ್ಯಾ ನಿನ್ನಣ್ಣನ ಮಗಳಿಗೆ?"

"ಕೀಲಿ ಕೊಡು ಗಾಡ್‌ಬೋಲ್ಡ್."

"ನಾಳೆ ಸಂಜೆ."

"ಕೊಡೋ ಮಾರಾಯ, ಕಾಲಿಗೆ ಬೀಳ್ತೀನಿ."

"ಬಿದ್ಕೋ. ಕೀಲಿ ಮಾತ್ರ ನಾಳೆ ಸಂಜೆ."

ಕಲ್ಲಿದ್ದಲ ಕೋಣೆಗೆ ಹೋದೆ. ಆ ಸಲಾಕೆ ಇನ್ನೂ ಅದೇ ಮೂಲೆಯಲ್ಲಿತ್ತು, ಹೆಸ್ಟರ್. ಅರವತ್ತೆರಡು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ನನ್ನ ಕಾಲು ವಾಪಸ್ಸು ಹೋಗೋಣ ಎಂದಿತು. ಮೇಲೆ ನಿಂತು ಮೊದಲು ತಟ್ಟಿದೆ, ಮೂರು ಸಲ. ಐನೂರು ವರ್ಷದ ಕಟ್ಟಳೆಗೇ ತಟ್ಟಿದಂತಾಯಿತು. ಗೋಡೆಯ ಮೇಲಿನ ಆ ಹನ್ನೊಂದು ಹೆಸರೂ ನೆನಪಾದವು. ಸುಳ್ಳು ಯಾಕೆ ಹೇಳಲಿ, ಸಂತನ ಕ್ಷಮೆ ಕೇಳಿದೆ.

ಉತ್ತರವಿಲ್ಲ. ಸಲಾಕೆ ಸಂದಿಗೆ ತೂರಿಸಿ ಮೈಯೆಲ್ಲ ಭಾರ ಹಾಕಿದೆ. ಓಕ್ ಕಿರುಚಿತು. ಕೆಳಗಿನಿಂದ ಗಾಡ್‌ಬೋಲ್ಡ್ "ನಿಲ್ಸೋ, ನಿಲ್ಸೋ!" ಎಂದು ಕೂಗುತ್ತ ಏರಿ ಬರುತ್ತಿದ್ದ. ಅವನು ನನ್ನ ಕಾಲರು ಹಿಡಿಯುವುದಕ್ಕೂ ಬೀಗದ ನಾಲಗೆ ಕಿತ್ತು ಬರುವುದಕ್ಕೂ ಸರಿಹೋಯಿತು. ಇಬ್ಬರೂ ಹಿಂದಕ್ಕೆ ಬಿದ್ದೆವು.

ಕ್ವಿಲ್ಟರ್ ಬಾಗಿಲ ಬುಡದಲ್ಲೇ ಬಿದ್ದಿದ್ದರು, ಎರಡು ಬಾಗಿಲುಗಳ ನಡುವಿನ ಆ ಕಿರಿದಾದ ಜಾಗದಲ್ಲಿ. ರಾತ್ರಿ ಅಂಗಿ. ಒಂದು ಕಡೆಯ ಮುಖ ಇಳಿದುಹೋಗಿತ್ತು. ಒಳ್ಳೆಯ ಕೈಯಲ್ಲಿ ಚಮಚ. ಅದರಿಂದಲೇ ಓಕ್‌ಗೆ ತಟ್ಟಿದ್ದರು; ಮರದಲ್ಲಿ ಗುರುತು ಇದೆ, ಒಂದರ ಪಕ್ಕ ಒಂದು. ತುಟಿ ಒಡೆದು ಕಪ್ಪಾಗಿತ್ತು. ಉಸಿರು ಇತ್ತು.

ಗಾಡ್‌ಬೋಲ್ಡ್ ನನ್ನ ಕಾಲರು ಬಿಟ್ಟ. "ಅಯ್ಯೋ ದೇವ್ರೇ" ಎಂದವನು ಬಾಗಿಲನ್ನೇ ನೋಡುತ್ತ ನಿಂತ. ಆಮೇಲೆ ಹೇಳಿದ: "ಟಕ್‌ವೆಲ್, ಇವ್ರು ಹಾಕ್ಕೊಂಡಿದ್ದಲ್ಲ ಕಣೋ ಇದು. ಒಳಗಿನ ಹಿಡಿಕೆ ನೋಡು."

ಓಕ್ ಬಾಗಿಲು ಹೊರಕ್ಕೆ ತೆರೆಯುತ್ತದೆ, ಯಾವಾಗಲೂ ಗೋಡೆಗೆ ಒರಗಿಯೇ ಇರುತ್ತದೆ. ಒಳ ಹಿಡಿಗೆ ಅವರ ರಾತ್ರಿ ಅಂಗಿಯ ತೋಳು ಸಿಕ್ಕಿ ಹರಿದು ನೇತಾಡುತ್ತಿತ್ತು. ಮೈ ಸರಿಯಿಲ್ಲವೆಂದು ನನ್ನನ್ನು ಕೂಗಲು ಹೊರಗೆ ಬಂದಿದ್ದಾರೆ. ಕಾಲು ಸೋತಿದೆ. ಆಸರೆಗೆ ಓಕ್‌ನ ಹಿಡಿ ಹಿಡಿದು ಹಿಂದಕ್ಕೆ ಬಿದ್ದಿದ್ದಾರೆ. ಬೀಳುವ ಭಾರಕ್ಕೆ ಬಾಗಿಲು ಮುಚ್ಚಿಕೊಂಡು ಬೀಗ ತಾನೇ ಬಿದ್ದಿದೆ. ಹೊರಗೆ ನಿಂತ ನಾವು ಅದನ್ನು "ಬರಬೇಡಿ" ಎಂದು ಓದಿಕೊಂಡೆವು.

ಚಿಕ್ಕ ಚಮಚದಲ್ಲಿ ನೀರು ಬಿಟ್ಟೆ. ಕಣ್ಣು ತೆರೆದು ಬಹಳ ಹೊತ್ತು ನನ್ನನ್ನು ನೋಡಿ, "ಜೋನಾಸ್" ಎಂದರು. ವೈದ್ಯರು ಇನ್ನೊಂದು ರಾತ್ರಿ ಕಳೆದಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಉಳಿಯುತ್ತಾರೆಂದೂ ಹೇಳಲಿಲ್ಲ.

ನಿನ್ನೆ ಹಬ್ಬವಾಯಿತು. ಕೊಂಬನ್ನು ಗಾಡ್‌ಬೋಲ್ಡ್ ಹಿಡಿದ. ನಾನು ಮನೆಯ ಕಿಟಕಿಯಿಂದ ಕೇಳಿಸಿಕೊಂಡೆ. ನನ್ನ ವಿಚಾರಣೆ ಇಪ್ಪತ್ತನಾಲ್ಕಕ್ಕೆ. ಅಲ್ಲಿಯವರೆಗೆ ಕೆಲಸವಿಲ್ಲ. ಚಿಕ್ಕಮ್ಮ ಪಾತ್ರೆಗಳನ್ನು ಪೆಟ್ಟಿಗೆಗೆ ಹಾಕುತ್ತಾಳೆ, ಮತ್ತೆ ತೆಗೆದಿಡುತ್ತಾಳೆ.

ಶನಿವಾರದ ಕಾಗದ ನಿನಗೆ ಸಿಕ್ಕಿರಬೇಕು. ನೀನು ಏನೂ ಬರೆದಿಲ್ಲ.

ಚಿಕ್ಕಪ್ಪ


ಬ್ರೈಯರ್
13 ನವೆಂಬರ್ 1937

ಚಿಕ್ಕಪ್ಪ,

ಶನಿವಾರದ ಕಾಗದ ಸಿಕ್ಕಿತು. ಉತ್ತರ ಬರೆಯಲು ಕೂತಾಗಲೆಲ್ಲ ಎದ್ದೆ. ಆ ಗಾಡಿ ನನಗೆ ನೆನಪಿದೆ. ನೀವು ಬೀಳ್ಕೊಡಲು ಬರಲಿಲ್ಲ ಎಂದು ಅತ್ತಿದ್ದೂ ನೆನಪಿದೆ. ನಿಮಗೆ ಜ್ವರ ಎಂದು ಅಪ್ಪ ಸುಳ್ಳು ಹೇಳಿದ್ದರು.

ತಂತಿ ಕೊಡಲು ಅಂಚೆಯವಳನ್ನು ಹಾಸಿಗೆಯಿಂದ ಎಬ್ಬಿಸಬೇಕಾಯಿತು. ಅದಕ್ಕಾಗಿ ಸೇಂಟ್ ಮೇರೀಸ್‌ಗೆ ದೋಣಿಯಲ್ಲಿ ಹೋಗುವಾಗ ನಾನು ತಡವಾದೆನೇ ಎಂಬುದೊಂದೇ ಭಯವಿತ್ತು. ನಿಮ್ಮ ಮೇಲೆ ಸಿಟ್ಟು ಬರಲು ಇನ್ನೂ ಕಾರಣ ತಿಳಿದಿರಲಿಲ್ಲ. ಅದು ಒಳ್ಳೆಯದೇ ಆಯಿತು.

ಅಪ್ಪ ಕೆಲಸ ಹೋದದ್ದರ ಬಗ್ಗೆ ನನ್ನ ಹತ್ತಿರ ಒಂದೇ ಸಲ ಮಾತಾಡಿದ್ದರು, ಯಾವ ಬಾಗಿಲೆಂದು ಆಗ ಅರ್ಥವಾಗಿರಲಿಲ್ಲ. "ಒಡೆದೆ ಮಗಾ. ಒಳಗಿದ್ದೋರು ಬದುಕಿದ್ರು, ನನ್ನ ಬೈದ್ರು. ಬೈಗುಳ ಕೇಳಿ ಅಷ್ಟು ಖುಷಿ ಆಗಿದ್ದು ಅವತ್ತೊಂದೇ ದಿನ" ಎಂದಿದ್ದರು. ಚಕ್ಕೆ ಇಟ್ಟುಕೊಂಡದ್ದು ಅದಕ್ಕೇ ಇರಬೇಕು. ನಾನು ಏನೇನೋ ಅಂದುಕೊಂಡಿದ್ದೆ.

ಕ್ಷಮಿಸಿದೆ ಎಂದು ಈಗ ಬರೆದರೆ ಅದು ದಾದಿಯ ಮಾತಾಗುತ್ತದೆ, ಮಗಳದಲ್ಲ. ವಿಚಾರಣೆಯಲ್ಲಿ ಅದೇ ಪ್ರಶ್ನೆ ಕೇಳುತ್ತಾರೆ: ಯಾರು ಹೇಳಿಕೊಟ್ಟರು? ನನ್ನ ತಂತಿ ತೋರಿಸಿ ತಪ್ಪಿಸಿಕೊಳ್ಳಬಹುದು, ನನ್ನ ಅಡ್ಡಿಯಿಲ್ಲ. ನೀವು ಏನು ಹೇಳಿದಿರಿ ಎಂಬುದನ್ನು ಮಾತ್ರ ಬರೆಯಿರಿ, ಬಣ್ಣ ಕಟ್ಟದೆ.

ಚಿಕ್ಕಮ್ಮನಿಗೆ ಇಲ್ಲಿ ಕೋಣೆಯಿದೆ. ಪಾತ್ರೆಗಳ ವಿಚಾರ ಅವರಿಗೆ ಬಿಡಿ.

ಹೆಸ್ಟರ್


ಆಕ್ಸ್‌ಫರ್ಡ್
2 ಡಿಸೆಂಬರ್ 1937

ಹೆಸ್ಟರ್ ಮರಿ,

ಬಣ್ಣ ಕಟ್ಟದೆ ಬರೆಯುವುದು ನಿನ್ನ ಚಿಕ್ಕಪ್ಪನಿಗೆ ಅಭ್ಯಾಸವಿಲ್ಲ, ಆದರೂ ನೋಡುತ್ತೇನೆ.

ಅದೇ ಮೇಜು. ಹನ್ನೆರಡು ಕಪ್ಪು ನಿಲುವಂಗಿ. ಕ್ವಿಲ್ಟರ್ ಅವರನ್ನು ಕುರ್ಚಿಯಲ್ಲಿ ಹೊತ್ತು ತಂದು ಕೂರಿಸಿದ್ದರು. ಪ್ರಿನ್ಸಿಪಾಲರು ಕೇಳಿದರು: "ನಿನಗೆ ಯಾರಾದರೂ ಹೇಳಿಕೊಟ್ಟರೇನು?" ತಂತಿ ನನ್ನ ಜೇಬಿನಲ್ಲಿತ್ತು. ಬೂಟಿನ ಕಡೆ ಕಣ್ಣು ಎಳೆಯಿತು, ಹೆಸ್ಟರ್. ಇಪ್ಪತ್ತೈದು ವರ್ಷದಲ್ಲಿ ಬೂಟು ಬದಲಾಗಿದೆ, ಕಣ್ಣು ಅದೇ.

"ಈ ಸಲ ಒಡೆದದ್ದು ನಾನೇ ಸ್ವಾಮಿ. ಯಾರ ಹೆಸರೂ ಹೇಳಲ್ಲ. ಹೋದ ಸಲ ಒಡೀ ಅಂದದ್ದೂ ನಾನೇ. ಸಲಾಕೆ ತಂದುಕೊಟ್ಟೋನೂ ನಾನೇ. ನಮ್ಮಣ್ಣ ಸುಳ್ಳು ಹೇಳಿ ನನ್ನ ಉಳಿಸ್ದ. ಅದನ್ನ ಪುಸ್ತಕದಲ್ಲಿ ಬರ್ಕೊಳ್ಳಿ" ಎಂದೆ. ಧ್ವನಿ ಕೀರಲಾಗಿತ್ತು. ಶೂರನ ಹಾಗೆ ಇತ್ತೆಂದು ಬರೆಯಬೇಕೆಂದಿದ್ದೆ, ಇರಲಿಲ್ಲ.

ಆಗ ಕ್ವಿಲ್ಟರ್ ಒಳ್ಳೆಯ ಕೈಯ ಗೆಣ್ಣಿನಿಂದ ಮೇಜಿಗೆ ತಟ್ಟಿದರು. ಮೂರು ಸಲ. ನಿಲ್ಲಿಸಿದರು. ಮತ್ತೆ ಮೂರು ಸಲ. ಪ್ರಿನ್ಸಿಪಾಲರು "ಏನು ಬೇಕು ಡಾಕ್ಟರ್?" ಎಂದರೂ ನಿಲ್ಲಿಸಲಿಲ್ಲ. ಆ ಸದ್ದಿಗೆ ಹನ್ನೆರಡು ಜನರ ಮುಖವೂ ಬಿಳಿಚಿತು; ನಾನು ಮೆಟ್ಟಿಲ ಮೇಲೆ ಕೂತಿದ್ದಾಗ ನನ್ನದೂ ಹಾಗೇ ಇದ್ದಿರಬೇಕು.

ಕೆಲಸ ಉಳಿಯಿತು, ಮನೆ ಉಳಿಯಿತು. ಕೊಂಬು ಹೋಯಿತು, ಕಟ್ಟಳೆ ಮುರಿದವನು ಅದನ್ನು ಮುಟ್ಟುವಂತಿಲ್ಲ. ಇನ್ನು ಮೇಲೆ ಯಾರ ಓಕ್ ಮುಚ್ಚಿದ್ದರೂ ಪ್ರತಿ ಸಂಜೆ ಗಂಟೆಯಾದ ಮೇಲೆ ಆಳು ಮೂರು ಸಲ ತಟ್ಟಬೇಕು, ಒಳಗಿನವರು ಹೇಗಾದರೂ ಸರಿ, ಉತ್ತರ ಕೊಡಬೇಕು. ಪುಸ್ತಕದಲ್ಲಿ ಅದಕ್ಕೆ "ಜೋನಾಸನ ತಟ್ಟು" ಎಂದು ಹೆಸರು. ಹೆಸರು ಸೂಚಿಸಿದವನು ನಾನು ಎಂದು ಕೊಚ್ಚಿಕೊಳ್ಳುವ ಆಸೆ. ಸೂಚಿಸಿದ್ದು ಕ್ವಿಲ್ಟರ್. ಅವರ ಬಾಯಿಂದ ಈಗ ಹೊರಡುವುದು ಆ ಹೆಸರೊಂದೇ.

ನಿನ್ನೆ ಮೊದಲ ಸಲ ತಟ್ಟಿದೆ. ಎರಡನೇ ಮಹಡಿಯ ಹೊಸ ಮೇಷ್ಟರು, ಗಟ್ಟಿಮುಟ್ಟಾದ ಯುವಕ, ಬೆಳಿಗ್ಗೆ ಓಕ್ ಎಳೆದುಕೊಂಡಿದ್ದರು. ಗಂಟೆ ಮುಗಿಯಿತು. ತಟ್ಟಿದೆ. ಸದ್ದಿಲ್ಲ. ಎಣಿಸಿದೆ. ಹತ್ತು. ಸಲಾಕೆ ಎಲ್ಲಿದೆ ಎಂದು ಯೋಚಿಸಿದೆ. ಇಪ್ಪತ್ತು. ಕಿವಿಯನ್ನು ಮರಕ್ಕೆ ಒತ್ತಿ ಹಿಡಿದೆ, ಉಸಿರು ಬಿಡಲಿಲ್ಲ.

ಆಮೇಲೆ ಒಳಗಿನಿಂದ ಬಂತು: "ಯಾವನೋ ಅವನು? ತೊಲಗೋ ಆಚೆ, ಹಾಳಾದವನೇ!"

ಹೆಸ್ಟರ್, ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಚಿಕ್ಕಪ್ಪ